ರಾಣಿಯ ಬಾಗಿಲ ಹೊರಗಿನ ಚಪ್ಪಲಿಗಳು

ಇವತ್ತು ಬೆಳಿಗ್ಗೆ ಬಹರೈನಿನ ಸೀಫ್ ಬಡಾವಣೆಯ ನಮ್ಮ ಆಫೀಸಿನ ಲಿಫ್ಟಿನಲ್ಲಿ ಒಬ್ಬ ಹೆಂಗಸು ನನ್ನ ಮುಂದೆ ನಿಂತಿದ್ದಳು. ಹೊಸ ಕಪ್ಪು ಕೋಟು, ಇಸ್ತ್ರಿಯ ಬಿಸಿ ಇನ್ನೂ ಆರದ ಹಾಗಿನ ವಾಸನೆ. ಕೋಟಿನ ಹಿಂದಿನ ಸೀಳಿನ ಮೇಲೆ ಬಿಳಿ ದಾರದ ಒಂದು ಗುಣಾಕಾರ ಚಿಹ್ನೆ ಹಾಗೆಯೇ ಉಳಿದಿತ್ತು. ಅದು ಕಚ್ಚಾ ಹೊಲಿಗೆ. ಬಟ್ಟೆ ಮನೆಗೆ ಬಂದ ಮೇಲೆ ಬಿಚ್ಚಿ ಎಸೆಯಬೇಕಾದದ್ದು. ಎಷ್ಟೋ ಜನ ಅದನ್ನು ವಿನ್ಯಾಸವೆಂದೇ ನಂಬಿ ವರ್ಷಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತಾರೆ. ನಾನು ಎರಡು ಮಹಡಿ ಸುಮ್ಮನಿದ್ದೆ. ಮೂರನೆಯದಕ್ಕೆ ತಡೆಯಲಾಗಲಿಲ್ಲ. "ಒಂದು ನಿಮಿಷ, ಅಲುಗಾಡಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಉಗುರಿನಿಂದ ಗಂಟನ್ನು ಎತ್ತಿ, ಒಂದೇ ಎಳೆತಕ್ಕೆ ದಾರವನ್ನು ಕೈಗೆ ತೆಗೆದುಕೊಂಡೆ. ಆಕೆ ಮೊದಲು ಬೆಚ್ಚಿದಳು, ಆಮೇಲೆ ನಕ್ಕಳು.

ನನಗೂ ನಗು ಬಂತು. ಪರಿಚಯವಿಲ್ಲದವರಿಗೆ ಅಲುಗಾಡಬೇಡಿ ಎಂದು ಅಪ್ಪಣೆ ಕೊಡುವ ಆ ದನಿ ನನ್ನದಲ್ಲ. ಅದು ಜಲಜಕ್ಕನದು.

ಜಲಜಕ್ಕನ ಬಗ್ಗೆ ಹೇಳುವ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ನಾನು ಮಾಡಿದ ತಪ್ಪಿನ ಗಾತ್ರ ನಿಮಗೆ ತಿಳಿಯುವುದಿಲ್ಲ. ನಾನು ಚರ್ಚಾಸ್ಪರ್ಧೆಯ ಕೂಸು. ಇಲ್ಲಿ ಬಹರೈನಿನ ಶಾಲೆಯಲ್ಲಿ ಆರನೆಯ ತರಗತಿಯಿಂದ ಹನ್ನೆರಡನೆಯದರವರೆಗೆ ವೇದಿಕೆ ಹತ್ತಿ ಇಳಿದವಳು. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ನನಗೆ ಸ್ವಂತ ಅಭಿಪ್ರಾಯ ಇದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎದುರಾಳಿಯ ವಾದದಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕುವುದು, ಅಲ್ಲಿಗೆ ಬೆರಳಿಟ್ಟು ಅಗಲಿಸುವುದು, ಗಂಟೆ ಬಾರಿಸುವ ಮೊದಲು ಕೂತುಬಿಡುವುದು. ಇಷ್ಟೇ ವಿದ್ಯೆ. ದಾವಣಗೆರೆಯ ನನ್ನ ಅಮ್ಮ "ಅನ್ನ ಆರುತ್ತೆ, ಊಟಕ್ಕೆ ಬಾರೇ" ಎಂದರೆ, ಆರುವುದಕ್ಕೆ ಎಷ್ಟು ಹೊತ್ತು ಬೇಕು, ಅದಕ್ಕೆ ಆಧಾರವೇನು ಎಂದು ಕೇಳುತ್ತಿದ್ದೆ. ಅಮ್ಮ ಆಧಾರವನ್ನು ಸೌಟಿನ ರೂಪದಲ್ಲಿ ತೋರಿಸುತ್ತಿದ್ದರು.

ಜಲಜಕ್ಕನ ಅಂಗಡಿ ಮನಾಮಾದ ಹಳೆಯ ಸೂಕ್‌ನಲ್ಲಿ, ಅಂದರೆ ಹಳೆಪೇಟೆಯಲ್ಲಿ, ಅತ್ತರು ಮಾರುವವನ ಮೇಲಿನ ಮಹಡಿಯಲ್ಲಿತ್ತು. ಈಗಲೂ ಇದೆ. ಅಂಗಡಿ ಅವಳದಲ್ಲ, ಒಡೆಯರು ಇಲ್ಲಿಯವರು, ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗುತ್ತಾರೆ. ಕರಾವಳಿಯ ಕಟಪಾಡಿ ಕಡೆಯವಳಾದ ಜಲಜಕ್ಕ ಮದುವೆಯಾದ ವರ್ಷವೇ ಗಂಡನ ಹಿಂದೆ ಇಲ್ಲಿಗೆ ಬಂದವಳು. ಗಂಡ ಎಲೆಕ್ಟ್ರಿಶಿಯನ್. ಇವಳು ಮೊದಲು ಗುಂಡಿ ಹಚ್ಚಲು ಸೇರಿದಳು, ಆಮೇಲೆ ಮೆಷಿನ್ನಿಗೆ ಕೂತಳು, ಕೊನೆಗೆ ಕತ್ತರಿ ಹಿಡಿದಳು. ಹೊಲಿಗೆಯವರಲ್ಲಿ ಕತ್ತರಿ ಹಿಡಿಯುವುದೆಂದರೆ ಸಣ್ಣ ಮಾತಲ್ಲ. ತಪ್ಪು ಹೊಲಿಗೆಯನ್ನು ಬಿಚ್ಚಬಹುದು, ತಪ್ಪಾಗಿ ಕತ್ತರಿಸಿದ್ದನ್ನು ಯಾರೂ ಮರಳಿ ಕೂಡಿಸಲಾರರು. ಮದುವೆಯ ನಿಲುವಂಗಿಗಳೆಂದರೆ ಜಲಜಕ್ಕನ ಕೈಯೇ ಆಗಬೇಕು ಎನ್ನುವ ಮನೆಗಳು ರಿಫಾದಿಂದ ಮುಹರ್ರಕ್‌ವರೆಗೆ ಇದ್ದವು.

ಈ ನಿಲುವಂಗಿಗಳಿಗೊಂದು ಕಾಟವಿದೆ. ಕೆಳಗಿನ ಅಂಚನ್ನು ಪಿನ್ನು ಹಾಕಿ ಗುರುತು ಮಾಡುವಾಗ ತೊಟ್ಟವಳು ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕಂಬದಂತೆ ನಿಲ್ಲಬೇಕು. ಯಾವ ಮದುಮಗಳು ನಿಂತಾಳು? ಫೋನು ಬರುತ್ತದೆ, ತುರಿಕೆ ಬರುತ್ತದೆ, ಅಳು ಬರುತ್ತದೆ. ಒಮ್ಮೆ ಒಬ್ಬಳು ತೀರಾ ಚಡಪಡಿಸಿದಾಗ ಜಲಜಕ್ಕ ತನ್ನ ಹರಕು ಹಿಂದಿಯಲ್ಲಿ, ನಡುವೆ ಬಾಯಿಗೆ ಬಂದ ಅರಬಿ ಸೇರಿಸಿ, ಒಂದು ಕತೆ ಶುರು ಮಾಡಿದಳು. ಇಂಗ್ಲೆಂಡಿನಲ್ಲಿ ಒಬ್ಬ ರಾಣಿ. ಅವಳಿಗೆ ಬಟ್ಟೆ ತೊಡಿಸಲು ಆರು ಜನ. ತೊಡಿಸುವಾಗ ನೆಲಕ್ಕೆ ಬಿದ್ದ ಪಿನ್ನುಗಳನ್ನು ಹೆಕ್ಕಲು ಒಬ್ಬ ಹುಡುಗಿ. ಹೆಸರು ಆಗ್ನೆಸ್. ಮಂಡಿಯೂರಿದವಳ ಕಣ್ಣು ನೆಲದ ಮೇಲೆ, ಕಿವಿ ಮಾತ್ರ ಮೇಲೆ.

ಮದುಮಗಳು ಕದಲಲಿಲ್ಲ. ಅಂಚು ಮುಗಿದಾಗ ಕತೆ ಮುಗಿದಿರಲಿಲ್ಲ. ಮುಂದಿನ ಟ್ರಯಲ್ಲಿಗೆ ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಬಂದು ನಿಂತಳಂತೆ.

ಇಂಗ್ಲೆಂಡು ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ಊರಿಗೆ ಮರಳುತ್ತಿದ್ದ ಯಾರೋ ಇಂಗ್ಲಿಷ್ ಗಿರಾಕಿ ತನ್ನ ಬಳಿಯಿದ್ದ ದಪ್ಪ ಪುಸ್ತಕವೊಂದನ್ನು ಅವಳಿಗೆ ಕೊಟ್ಟು ಹೋಗಿದ್ದರು. ಹಳೆಯ ಕಾಲದ ಆಸ್ಥಾನದ ಉಡುಪುಗಳು, ಪುಟಪುಟಕ್ಕೂ ಚಿತ್ರ, ಕತ್ತರಿಸುವ ನಕ್ಷೆ. ಜಲಜಕ್ಕನಿಗೆ ಅದರ ಅಕ್ಷರ ಕಷ್ಟ, ನಕ್ಷೆ ಸಲೀಸು. ಹಾಗಾಗಿ ಅವಳ ಕತೆಯಲ್ಲಿ ಉಡುಪಿಗೆ ಸಂಬಂಧಪಟ್ಟದ್ದೆಲ್ಲ ಚುಕ್ಕೆ ತಪ್ಪದೆ ಸರಿ. ತೋಳಿಗೆ ಎಷ್ಟು ಪಿನ್ನು, ಯಾವ ರೇಷ್ಮೆ ಬೆವರು ಹಿಡಿಯುತ್ತದೆ, ಸೊಂಟ ಬಿಗಿದ ಮೇಲೆ ರಾಣಿ ಎಷ್ಟು ಹೊತ್ತು ಕೂರಬಲ್ಲಳು. ಉಳಿದದ್ದೆಲ್ಲ ಕಟಪಾಡಿ.

ಇನ್ನೊಂದು ಅಭ್ಯಾಸ. ಸೂಕ್ ಮಧ್ಯಾಹ್ನ ಮುಚ್ಚುತ್ತದಲ್ಲ, ಒಂದರಿಂದ ನಾಲ್ಕರವರೆಗೆ. ಉಳಿದವರು ಕೋಣೆಗೆ ಹೋಗಿ ಮಲಗುವ ಆ ಹೊತ್ತಿನಲ್ಲಿ ಜಲಜಕ್ಕ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಉದ್ದ ನೋಟ್‌ಬುಕ್ ಬಿಡಿಸಿ, ಬೆಳಿಗ್ಗೆ ಗಿರಾಕಿಗಳಿಗೆ ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದಳು. ಎರಡು ವರ್ಷದಲ್ಲಿ ಐದು ನೋಟ್‌ಬುಕ್ ಆಗಿದ್ದವು. ಅಮ್ಮನ ರವಿಕೆ ತರಲು ಹೋದ ನಾನು ಒಂದು ದಿನ ಅದನ್ನು ತಿರುವಿ ನೋಡಿದೆ. ನೋಡಿದ ಮೇಲೆ ಸುಮ್ಮನಿರುವ ಜಾತಿ ನನ್ನದಲ್ಲವಲ್ಲ.

"ಇಂಗ್ಲೆಂಡ್ ಯಾಕೆ ಜಲಜಕ್ಕ? ನಿಮ್ಮ ಊರಿನ ಕತೆ ಬರೀಬಹುದಿತ್ತು. ಗೊತ್ತಿರೋದನ್ನ ಬರೀಬೇಕು ಅಂತಾರೆ."

"ಊರಿನ ಕತೆ ಬರ್ದ್ರೆ ಊರಿನವ್ರೆಲ್ಲ ಇದು ನಾನಾ, ಇದು ನನ್ನ ಅತ್ತೆಯಾ ಅಂತ ಜಗಳಕ್ಕೆ ಬರ್ತಾರೆ ಮಾರಾಯ್ತಿ. ರಾಣಿ ಬರ್ತಾಳಾ ಕೇಳ್ಲಿಕ್ಕೆ?"

"ಆದ್ರೂ, ಆಗ್ನೆಸ್‌ಗೆ ಇಷ್ಟೊಂದು ಆಸೆ ಯಾಕೆ? ಪಿನ್ನು ಹೆಕ್ಕೋಳು ಇಡೀ ಬಟ್ಟೆಕೋಣೆಗೆ ಒಡತಿ ಆಗ್ಬೇಕು ಅಂತ ಹೊರಡ್ತಾಳೆ. ನಂಬೋಕಾಗಲ್ಲ."

ಜಲಜಕ್ಕ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದಳು. ಮಾತು ಗಂಭೀರವಾದಾಗ ಹಾಗೆ ಮಾಡುತ್ತಿದ್ದಳು.

"ನಾನು ಹೊಲ್ದ ಬಟ್ಟೆ ಎಷ್ಟು ಮದುವೆಯಲ್ಲಿ ಕುಣ್ದಿರ್ಬಹುದು ಹೇಳು. ಎಲ್ಲದಕ್ಕೂ ಕುತ್ತಿಗೆಯ ಒಳಗೆ ಅಂಗಡಿಯ ಹೆಸ್ರಿನ ಪಟ್ಟಿ ಉಂಟು. ಅದನ್ನು ಹಚ್ಚುವವಳು ಸಾ ನಾನೇ. ಇಷ್ಟರಲ್ಲಿ ಒಂದಕ್ಕಾದ್ರೂ ನನ್ನ ಹೆಸ್ರು ಬೇಕು ಅಂತ ಆಗುದಿಲ್ವಾ ನಂಗೆ? ಅದಕ್ಕೆ ಆಸೆ ಅಂತಾರಾ, ಎಂತ ಅಂತಾರೆ ನಿಮ್ಮ ಡಿಬೇಟಿನಲ್ಲಿ?"

ಉತ್ತರ ಹೊಳೆಯದಿದ್ದರೆ ವಿಷಯ ಬದಲಿಸಬೇಕೆಂದು ಕಲಿಸಿದ್ದಾರೆ. "ಇದನ್ನ ಪ್ರಿಂಟ್ ಮಾಡಿಸಿ" ಎಂದುಬಿಟ್ಟೆ.

ಆ ವರ್ಷ ಇಲ್ಲಿನ ಕನ್ನಡದವರ ಒಂದು ಗುಂಪು ಸದಸ್ಯರೊಬ್ಬರ ಪುಸ್ತಕವನ್ನು ಅಚ್ಚು ಹಾಕಿಸಬೇಕೆಂದು ತೀರ್ಮಾನಿಸಿತ್ತು. ಒಂದೇ ಪುಸ್ತಕ. ಈದ್ ರಜೆ ಮುಗಿದ ಮೊದಲ ಶುಕ್ರವಾರದೊಳಗೆ ಹಸ್ತಪ್ರತಿ ತಲುಪಬೇಕು, ಟೈಪ್ ಆಗಿರಬೇಕು, ಕೈಬರಹ ನಡೆಯುವುದಿಲ್ಲ. ಜಲಜಕ್ಕ ಐದು ನೋಟ್‌ಬುಕ್ಕುಗಳನ್ನು ಇಸ್ತ್ರಿ ಮಾಡಿದ ದುಪಟ್ಟಾದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಕೊನೆಯ ಮೂರು ಅಧ್ಯಾಯ ಇನ್ನೂ ಬರೆಯಬೇಕಿತ್ತು. "ನೀನು ಟೈಪ್ ಮಾಡ್ತಾ ಇರು, ನಾನು ಬರೀತಾ ಇರ್ತೇನೆ. ತಪ್ಪುಂಟಾದ್ರೆ ಹೇಳು" ಎಂದಳು.

ತಪ್ಪುಂಟಾದ್ರೆ ಹೇಳು. ಚರ್ಚಾಪಟುವಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ, ನೀವೇ ಯೋಚಿಸಿ.

ನಾನು ಟೈಪ್ ಮಾಡಲು ಕೂತವಳು ಮೊದಲ ಪುಟದಲ್ಲೇ ಕೆಂಪು ಪೆನ್ನು ಹುಡುಕಿದೆ. ಡಿಸೆಂಬರಿನಲ್ಲಿ ರಾಣಿಗೆ ಸೆಖೆಯಾಗಿ ದಾಸಿಯರು ಬೀಸಣಿಗೆ ಬೀಸುತ್ತಾರೆ. ಕರಾವಳಿಯಲ್ಲಿ ಬೆಳೆದವಳಿಗೆ ಡಿಸೆಂಬರಿನ ಸೆಖೆ ಸಹಜವೇ. ರಾಣಿಗೆ ಜ್ವರ ಬಂದರೆ ಬೆಳ್ಳಿಯ ಬಟ್ಟಲಲ್ಲಿ ಗಂಜಿ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ. ಮಂತ್ರಿಯ ಹೆಂಡತಿ ಎದುರಾದಾಗ ಆಗ್ನೆಸ್ "ಊಟ ಆಯ್ತಾ?" ಎಂದು ಕೇಳುತ್ತಾಳೆ. ನನಗೆ ಒಳಗೊಳಗೇ ಖುಷಿ. ಆದರೆ ಒಂಬತ್ತನೆಯ ಅಧ್ಯಾಯಕ್ಕೆ ಬಂದಾಗ ನಾನು ಕುರ್ಚಿಯಿಂದಲೇ ಎದ್ದೆ.

ಕತೆಯ ಕೀಲು ಇದ್ದದ್ದು ಅಲ್ಲಿ. ಆಸ್ಥಾನದಲ್ಲಿ ಇಬ್ಬರು ದೊಡ್ಡ ಮನೆತನದ ಹೆಂಗಸರು. ಹೊರಗೆ ಬದ್ಧ ವೈರಿಗಳು, ಒಬ್ಬರ ನೆರಳು ಇನ್ನೊಬ್ಬರಿಗಾಗದು. ಒಂದು ಸಂಜೆ ಆಗ್ನೆಸ್ ಮೊಗಸಾಲೆಯಲ್ಲಿ ನಡೆದು ಬರುತ್ತಾಳೆ. ರಾಣಿಯ ಖಾಸಗಿ ಕೋಣೆಯ ಬಾಗಿಲು ಮುಚ್ಚಿದೆ. ಹೊಸ್ತಿಲ ಹೊರಗೆ ಮುತ್ತಿನ ಗುಂಡಿಯ ಹಸಿರು ರೇಷ್ಮೆಯ ಪಾದರಕ್ಷೆ ಒಂದು ಜೊತೆ. ಕಂಬದ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದಿರಲೆಂದು ತಿರುಗಿಸಿಟ್ಟ, ಹಿಮ್ಮಡಿ ಸವೆದ ಇನ್ನೊಂದು ಜೊತೆ. ವೈರಿಗಳಿಬ್ಬರೂ ರಾಣಿಯಿಲ್ಲದ ಹೊತ್ತಿನಲ್ಲಿ ರಾಣಿಯ ಕೋಣೆಯೊಳಗೆ ಒಟ್ಟಿಗಿದ್ದಾರೆ! ಪಿತೂರಿ ಅವಳಿಗೆ ಅರ್ಥವಾಗುತ್ತದೆ. ಅಲ್ಲಿಂದ ಮುಂದೆ ಅವಳ ಏರುವಿಕೆಯೆಲ್ಲ ಆ ಎರಡು ಜೊತೆ ಚಪ್ಪಲಿಯ ಮೇಲೆ ನಿಂತಿದೆ.

ಇಂಗ್ಲೆಂಡಿನ ಅರಮನೆಯಲ್ಲಿ! ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು!

ನಾನು ಆಕ್ಷೇಪಗಳ ಪಟ್ಟಿ ಬರೆದೆ. ನಲವತ್ತೊಂದು. ಕ್ರಮಸಂಖ್ಯೆ ಹಾಕಿ, ಆಧಾರ ಸಹಿತ. ಒಂದು ಮಧ್ಯಾಹ್ನ ಮುಚ್ಚಿದ ಅಂಗಡಿಯಲ್ಲಿ ಜಲಜಕ್ಕನ ಎದುರು ನಿಂತು ಓದಿದೆ. ಕೂತು ಓದಬಹುದಿತ್ತು, ಆದರೆ ಅಭ್ಯಾಸಬಲ. ಅವಳು ಮಧ್ಯೆ ಬಾಯಿ ಹಾಕಿದ್ದು ಎರಡೇ ಸಲ.

"ಜ್ವರ ಬಂದ್ರೆ ಗಂಜಿ ಅಲ್ಲದಿದ್ರೆ ಮತ್ತೆ ಎಂತ ಕುಡೀತಾರೆ ಅವ್ರು?"

"ಸೂಪ್. ಗಂಜಿ ತರ ತೆಳ್ಳಗೆ, ಬಾರ್ಲಿ ಹಾಕಿ..."

"ಅದಕ್ಕೆ ನಮ್ಮಲ್ಲಿ ಗಂಜಿ ಅಂತಲೇ ಹೇಳುದು. ಆಯ್ತು, ಮುಂದೆ."

ಎರಡನೆಯದು ಒಂಬತ್ತನೆಯ ಅಧ್ಯಾಯಕ್ಕೆ. ನಾನು ಇಂಗ್ಲಿಷರು ಮನೆಯೊಳಗೂ ಪಾದರಕ್ಷೆ ತೊಟ್ಟೇ ಓಡಾಡುತ್ತಾರೆಂದು ವಿವರಿಸಿ ಮುಗಿಸಿದಾಗ ಅವಳು ಆ ಅಧ್ಯಾಯದ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು.

"ಚಪ್ಪಲಿ ಹೊರಗೆ ಇಲ್ಲ ಅಂತಾದ್ರೆ, ಒಳಗೆ ಯಾರಿದ್ದಾರೆ ಅಂತ ಅವ್ಳಿಗೆ ಹೇಗೆ ಗೊತ್ತಾಗುದು?"

"ಅದು ನಿಮ್ಮ ಸಮಸ್ಯೆ ಜಲಜಕ್ಕ. ನಾನು ತಪ್ಪು ತೋರಿಸಿದೆ, ಅಷ್ಟೇ."

"ಹ್ಞಾ. ನೀನು ಕಲ್ತವಳು." ಅವಳು ನೋಟ್‌ಬುಕ್ಕುಗಳನ್ನು ಜೋಡಿಸಿ, ಅಂಚುಗಳನ್ನು ಸರಿಯಾಗಿ ಕೂಡಿಸಿ, ಬಟ್ಟೆಯ ಥಾನುಗಳಿರುವ ಮೇಲಿನ ಅಟ್ಟಣಿಗೆಯಲ್ಲಿಟ್ಟಳು. "ಹೋಗು, ಅಮ್ಮ ಕಾಯ್ತಿರ್ತಾರೆ."

ನಾನು ಗೆದ್ದಿದ್ದೆ. ಮೆಟ್ಟಿಲಿಳಿಯುವಾಗ ಹಾಗೆಯೇ ಅಂದುಕೊಂಡೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ತಪ್ಪಿರುವುದು ತಪ್ಪೇ, ಪ್ರೀತಿಗಾಗಿ ಅದನ್ನು ಸರಿ ಎನ್ನಬೇಕೆಂದು ಈಗಲೂ ನಾನು ಒಪ್ಪುವುದಿಲ್ಲ. ಆದರೆ ಚರ್ಚೆಯಲ್ಲಿ ಗೆದ್ದರೆ ಎದುರಾಳಿ ಮುಂದಿನ ಸುತ್ತಿಗೆ ಇನ್ನೊಂದು ವಾದ ತರುತ್ತಾನೆ. ಜಲಜಕ್ಕ ತರಲಿಲ್ಲ. ಮರುದಿನ ಫೋನಿಲ್ಲ, ಮರುವಾರವೂ ಇಲ್ಲ. ರಂಜಾನ್ ಅರ್ಧ ಕಳೆಯಿತು. ಅಮ್ಮ ಹೊಸ ರವಿಕೆ ತಂದವರು ಹೇಳಿದರು: "ಜಲಜ ಯಾಕೋ ಮಾತೇ ಆಡ್ತಿಲ್ಲ ಕಣೇ. ಕತೆ ಎಲ್ಲಿಗೆ ಬಂತು ಅಂದ್ರೆ, ಕತೆಯೆಲ್ಲ ಬಿಟ್ಟೆ, ನಮಗ್ಯಾಕೆ ಗೊತ್ತಿಲ್ಲದ್ದು ಅಂದ್ಲು. ನೀನೇನಾದ್ರೂ ಅಂದ್ಯಾ?"

"ತಪ್ಪು ತೋರಿಸಿದೆ."

"ಎಷ್ಟು?"

"ನಲವತ್ತೊಂದು."

ಅಮ್ಮ ಸೌಟು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ನನ್ನ ಮುಖ ನೋಡಿ, ತಟ್ಟೆ ಮುಂದಿಟ್ಟು, ಒಳಗೆ ಹೋದರು.

ಆ ಒಂದು ಪುಸ್ತಕದ ಜಾಗಕ್ಕೆ ಇನ್ನು ಹದಿನೆಂಟು ದಿನ ಉಳಿದಿತ್ತು. ಮೂರು ಅಧ್ಯಾಯ ಬರೆದೇ ಇಲ್ಲ, ಒಂಬತ್ತನೆಯದನ್ನು ನಾನು ಕೊಂದಿದ್ದೇನೆ. ಒಂದು ಶನಿವಾರ ಬೆಳಿಗ್ಗೆ ಹೊಲಿಸಲು ಏನೂ ಇಲ್ಲದೆ, ಒಂದು ಪ್ಯಾಂಟಿನ ಕಾಲನ್ನು ನಾನೇ ಬಿಚ್ಚಿಕೊಂಡು, ಅದೇ ನೆಪವೆಂದು ಅಂಗಡಿಗೆ ಹೋದೆ.

ಅಲ್ಲಿ ಉಮ್ಮ್ ಖಾಲಿದ್ ಕೂತಿದ್ದರು. ಖಾಲಿದನ ತಾಯಿ ಎಂದರ್ಥ. ಹಿರಿಯ ಹೆಂಗಸರನ್ನು ಇಲ್ಲಿ ಹಾಗೆಯೇ ಕರೆಯುವುದು. ಮಗಳ ಮದುವೆ ಈದ್ ಕಳೆದ ಮೇಲೆ. ರೇಷ್ಮೆಗೆ ಕತ್ತರಿ ಹಾಕುವ ಮೊದಲು ಅದೇ ಅಳತೆಯಲ್ಲಿ ಕೋರಾ ಬಟ್ಟೆಯ ನಿಲುವಂಗಿಯೊಂದನ್ನು ಹೊಲಿದು ನೋಡುವುದು ಜಲಜಕ್ಕನ ಪದ್ಧತಿ. ಅದು ಸಿದ್ಧವಾಗಿತ್ತು, ಆದರೆ ಮಗಳಿಗೆ ಅಂದು ಪರೀಕ್ಷೆ. ಜಲಜಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ನಿಂದೂ ಅವ್ಳದ್ದೂ ಒಂದೇ ಎತ್ತರ. ಹಾಕು ಇದನ್ನು. ಸ್ಟೂಲು ಹತ್ತು. ಅಲುಗಾಡ್ಬೇಡ."

ಮೂರು ವಾರದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ಅದು. ನಾನು ಹತ್ತಿ ನಿಂತೆ. ಹಿಂದೆ ನೆಲದ ಮೇಲೆ ನಿಲುವಂಗಿಯ ಒಂದು ಮೀಟರಿನ ಬಾಲ. ಜಲಜಕ್ಕ ಬಾಯಲ್ಲಿ ಪಿನ್ನು ಕಚ್ಚಿ ಮಂಡಿಯೂರಿದಳು. ಈ ಸಲ ಕತೆಯಿರಲಿಲ್ಲ. ನಾನು ಎಷ್ಟು ಸಲ ಅಲುಗಾಡಿದೆನೋ ಲೆಕ್ಕವಿಲ್ಲ. ಕೊನೆಗೆ ಉಮ್ಮ್ ಖಾಲಿದ್‌ಗೆ ತಡೆಯದಾಯಿತು. ಅವರ ಉರ್ದು ಜಲಜಕ್ಕನ ಹಿಂದಿಗಿಂತ ಎರಡು ಗುಂಜಿ ಮೇಲು.

"ಜಲಜಾ, ನನ್ನ ಆಗ್ನೆಸ್ ಎಲ್ಲಿ? ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ತಿಂಗಳಾಯಿತು. ಆಮೇಲೆ ಏನಾಯಿತು?"

ಜಲಜಕ್ಕ ಪಿನ್ನು ತೆಗೆಯದೆಯೇ ಗಲ್ಲದಿಂದ ನನ್ನತ್ತ ತೋರಿಸಿದಳು. "ಅವ್ಳನ್ನು ಕೇಳಿ. ಬಾಗಿಲು ಹಾಕಿದವಳು ಅವ್ಳು."

ಉಮ್ಮ್ ಖಾಲಿದ್ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಎಷ್ಟೋ ತೀರ್ಪುಗಾರರನ್ನು ಎದುರಿಸಿದ್ದೇನೆ, ಇಂಥ ಕಣ್ಣು ನೋಡಿರಲಿಲ್ಲ. ನಾನು ಸ್ಟೂಲಿನ ಮೇಲಿಂದ, ಇನ್ನೊಬ್ಬಳ ಮದುವೆಯ ಉಡುಪಿನಲ್ಲಿ, ಇಂಗ್ಲಿಷರು ಬಾಗಿಲ ಹೊರಗೆ ಚಪ್ಪಲಿ ಬಿಡುವುದಿಲ್ಲ ಎಂಬುದನ್ನು ಉರ್ದುವಿನಲ್ಲಿ ಮಂಡಿಸಿದೆ.

ಅವರು ಕೇಳಿಸಿಕೊಂಡರು. ನಂಬಲಾಗದೆ ಜಲಜಕ್ಕನನ್ನು ನೋಡಿದರು. "ಒಳಗೂ ಅದೇ ಚಪ್ಪಲಿಯಾ? ಜಮಖಾನದ ಮೇಲೂ?" ಆಮೇಲೆ, "ಹಾಗಾದರೆ ಒಳಗೆ ಯಾರಿದ್ದಾರೆ ಅಂತ ಅವರಿಗೆ ಹೇಗೆ ತಿಳಿಯುತ್ತದೆ?" ಎಂದರು.

ಅದೇ ಪ್ರಶ್ನೆ. ಭಾಷೆ ಮಾತ್ರ ಬೇರೆ. ಆಗ ನನಗೆ ಹೊಳೆದದ್ದು ಇದು: ಎರಡು ವರ್ಷದಿಂದ ಈ ಸ್ಟೂಲಿನ ಮೇಲೆ ನಿಂತು ಈ ಕತೆ ಕೇಳಿದ ಹೆಂಗಸರು, ಇಲ್ಲಿಯವರು, ಕೇರಳದವರು, ಲಾಹೋರಿನವರು, ಸಿಂಹಳದವರು, ಎಲ್ಲರೂ ಹೊಸ್ತಿಲಾಚೆ ಚಪ್ಪಲಿ ಬಿಡುವ ಮನೆಗಳವರು. ಅತಿಥಿಗಳು ಕೂರುವ ಮಜ್ಲಿಸ್‌ನ ಬಾಗಿಲಲ್ಲಿ ಬಿಟ್ಟ ಜೋಡುಗಳನ್ನು ನೋಡಿಯೇ ಒಳಗೆ ಯಾರು ಬಂದಿದ್ದಾರೆ, ತಾನು ಹೋಗಬೇಕೋ ಬಾರದೋ ಎಂದು ತೀರ್ಮಾನಿಸುವವರು. ಯಾರಿಗೂ ಆ ಅಧ್ಯಾಯ ತಪ್ಪೆಂದು ಅನ್ನಿಸಿರಲೇ ಇಲ್ಲ. ಪುಸ್ತಕ ಓದಿ ಇಂಗ್ಲೆಂಡ್ ಕಲಿತ ನಾನೊಬ್ಬಳೇ ಅಪಸ್ವರ. ನಾನು ಸರಿಯಾಗಿಯೇ ಇದ್ದೆ. ಸರಿಯಾಗಿದ್ದುಕೊಂಡೇ ಇಷ್ಟು ಜನರನ್ನು ಒಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ ಹೊರಟುಬಿಟ್ಟಿದ್ದೆ.

"ಗೊತ್ತಿಲ್ಲ" ಎಂದೆ. ವೇದಿಕೆಯ ಮೇಲೆ ನಿಂತು ಆ ಪದವನ್ನು ಹೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಹೇಳಿದ ಮುಜುಗರಕ್ಕೆ ಸ್ಟೂಲಿನಿಂದ ಇಳಿದು ಗೋಡೆಯ ಕಡೆ ನಾಲ್ಕು ಹೆಜ್ಜೆ ನಡೆದೆ.

"ಅಯ್ಯೋ, ನೋಡು ನೋಡು!" ಉಮ್ಮ್ ಖಾಲಿದ್ ಕೂಗಿದರು. "ನನ್ನ ಮಗಳ ಉಡುಪಿನಲ್ಲಿ ಇವಳು ಅಂಗಡಿ ಗುಡಿಸುತ್ತಿದ್ದಾಳೆ!"

ತಿರುಗಿ ನೋಡಿದೆ. ಬೆಳಗಿನಿಂದ ಕತ್ತರಿಸಿದ ಚಿಂದಿ, ದಾರದ ತುಂಡು, ನೂಲಿನ ಜೊಂಪೆ ನೆಲದ ತುಂಬ ಹರಡಿತ್ತಲ್ಲ, ನನ್ನ ಹಿಂದಿನ ಬಾಲ ಅದನ್ನೆಲ್ಲ ಎರಡು ಬದಿಗೆ ತಳ್ಳಿ ಸ್ಟೂಲಿನಿಂದ ಗೋಡೆಯವರೆಗೆ ಒಂದು ಅಗಲವಾದ, ಸ್ವಚ್ಛವಾದ ಹಾದಿ ಎಳೆದಿತ್ತು. ಎರಡು ಅಂಚಿಗೂ ಕಸದ ದಂಡೆ.

ಜಲಜಕ್ಕ ಮಂಡಿಯೂರಿದಲ್ಲೇ ಆ ಹಾದಿಯನ್ನು ನೋಡುತ್ತ ಕೂತಳು. ಆಮೇಲೆ ಬಾಯಿಯ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚತೊಡಗಿದಳು.

"ಇಲ್ಲಿ ಕೇಳು. ಅವ್ರ ಅರಮನೆಯಲ್ಲಿ ನೆಲದ ಮೇಲೆ ಎಂತ ಇರ್ತಿತ್ತು? ಬರೀ ಕಲ್ಲಾ?"

ತಪ್ಪುಂಟಾ ಎಂದು ಅವಳು ಕೇಳಿದ್ದುಂಟು. ನನಗೆ ತಿಳಿದದ್ದನ್ನು ತನಗೆ ಬೇಕೆಂದು ಕೇಳಿದ್ದು ಅದೇ ಮೊದಲು. "ಇಲ್ಲ ಜಲಜಕ್ಕ. ಆ ಕಾಲದಲ್ಲಿ ಒಣಗಿಸಿದ ಜೊಂಡುಹುಲ್ಲು ಹರಡ್ತಿದ್ರು. ದಪ್ಪಗೆ. ಹಳೇದಾದ ಮೇಲೆ ಹೊಸದು ಹಾಕೋರು."

"ದಿನಾ ಗುಡಿಸುದಿಲ್ವಾ?"

"ಇಲ್ಲ."

"ಕೊಳಕರು" ಎಂದಳು ಜಲಜಕ್ಕ, ಆದರೆ ಮುಖ ಅರಳಿತ್ತು. "ಹಾಗಾದ್ರೆ ಆಯ್ತಲ್ಲ! ಅವ್ಳು ಎಲ್ಲರ ಅಂಚಿನ ಹತ್ರ ಮಂಡಿಯೂರಿ ಪಿನ್ನು ಹೆಕ್ಕಿದವ್ಳು. ಯಾರ ಬಾಲ ಎಷ್ಟು ಅಗಲ, ಯಾರದ್ದು ಮಖಮಲ್ಲು, ಯಾರದ್ದು ತೆಳು ರೇಷ್ಮೆ, ಅವ್ಳಿಗಲ್ದೆ ಇನ್ಯಾರಿಗೆ ಗೊತ್ತು? ಮಖಮಲ್ಲು ಹುಲ್ಲನ್ನು ಒತ್ತಿಕೊಂಡು ಹೋಗ್ತದೆ. ರೇಷ್ಮೆ ಬರೀ ಸವರ್ತದೆ. ಮೊಗಸಾಲೆಯಲ್ಲಿ ಎರಡು ಹಾದಿ. ಎರಡೂ ಬಾಗಿಲಿನ ಹತ್ರ ಹೋಗ್ತದೆ. ಒಂದು ಸಾ ವಾಪಸ್ ಬರುದಿಲ್ಲ!"

ಇದನ್ನು ಅವಳು ಕನ್ನಡದಲ್ಲಿ ಹೇಳಿ, ಉಮ್ಮ್ ಖಾಲಿದ್‌ಗೆ ಹಿಂದಿಯಲ್ಲಿ ಹೇಳಿ, ಮೂರನೆಯ ಸಲ ತನಗೇ ತುಳುವಿನಲ್ಲಿ ಹೇಳಿಕೊಂಡಳು. ಉಮ್ಮ್ ಖಾಲಿದ್ ತೊಡೆ ತಟ್ಟಿ "ವಲ್ಲಾ!" ಎಂದರು. ಚಪ್ಪಲಿಯನ್ನಾದರೆ ಯಾವ ದಾಸಿಯಾದರೂ ನೋಡಿ ಹೇಳಬಲ್ಲಳು. ಇದನ್ನು ಓದಲು ಆಗ್ನೆಸ್ಸೇ ಬೇಕು. ನನ್ನ ಆಕ್ಷೇಪ ಸರಿಯಿತ್ತು. ಅದರ ಉತ್ತರ ನನ್ನ ಆಕ್ಷೇಪಕ್ಕಿಂತ ಎಷ್ಟೋ ದೊಡ್ಡದಿತ್ತು.

"ಜಲಜಕ್ಕ, ಅವತ್ತು ನಾನು ಹಾಗೆ ಓದ್ಬಾರ್ದಿತ್ತು" ಎಂದೆ.

"ಓದಿದ್ದು ತಪ್ಪಲ್ಲ. ಓದಿ ಹೊರಟ್ಹೋದೆ ನೋಡು, ಅದು. ತಪ್ಪುಂಟು ಅಂತ ಹೇಳಿದವ್ಳು ಅದು ಸರಿ ಆಗುವ ತನಕ ನಿಲ್ಬೇಕು. ಈಗ ಹತ್ತು ಸ್ಟೂಲು. ಅರ್ಧ ಅಂಚು ಬಾಕಿ ಉಂಟು."

ಉಳಿದ ದಿನಗಳಲ್ಲಿ ನಾನು ಮಧ್ಯಾಹ್ನವೆಲ್ಲ ಕಟಿಂಗ್ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಟೈಪ್ ಮಾಡಿದೆ, ಅವಳು ಇನ್ನೊಂದು ತುದಿಯಲ್ಲಿ ಬರೆದಳು. ಜಗಳ ನಿಲ್ಲಲಿಲ್ಲ. ಬೀಸಣಿಗೆಯನ್ನು ನಾನು ತೆಗೆಸಿದೆ, ಅದರ ಜಾಗದಲ್ಲಿ ಅಗ್ಗಿಷ್ಟಿಕೆ ಬಂತು. ಗಂಜಿ ಉಳಿಯಿತು, ಉಪ್ಪಿನಕಾಯಿ ಹೋಯಿತು. ಉಪ್ಪಿನಕಾಯಿಗಾಗಿ ಅವಳು ಎರಡು ದಿನ ಹೋರಾಡಿದಳು. "ಊಟ ಆಯ್ತಾ" ಎಂಬುದನ್ನು ತೆಗೆಯಲು ನಾನೇ ಒಪ್ಪಲಿಲ್ಲ. ಶತ್ರುವನ್ನು ಅಷ್ಟು ಮೆತ್ತಗೆ ಮಾತಾಡಿಸುವ ಇನ್ನೊಂದು ಮಾತು ಯಾವ ಆಸ್ಥಾನದಲ್ಲಿಯೂ ಇರಲಾರದು ಎಂದು ವಾದಿಸಿದೆ. ಸ್ವಂತ ಅಭಿಪ್ರಾಯದ ಪರವಾಗಿ ವಾದಿಸುವುದು ಎಷ್ಟು ಕಷ್ಟವೆಂದು ಆಗಲೇ ತಿಳಿದದ್ದು.

ಹಸ್ತಪ್ರತಿ ಕೊಟ್ಟ ಮೇಲೆ ಆಯ್ಕೆಗೆ ಕೂತ ಮೂವರು ಹಿರಿಯರು ಜಲಜಕ್ಕನನ್ನು ಅದ್ಲಿಯಾ ಬಡಾವಣೆಯಲ್ಲಿದ್ದ ತಮ್ಮಲ್ಲೊಬ್ಬರ ಮನೆಗೆ ಕರೆದರು. ನಾನೂ ಜೊತೆಗೆ ಹೋದೆ. ಆ ಮನೆಯವರು ಮೈಸೂರಿನ ಇಂಜಿನಿಯರು, ಕನ್ನಡಕದ ಮೇಲಿನಿಂದ ನೋಡುವವರು. ಪುಟ ತಿರುಗಿಸಿ ಕೇಳಿದರು: "ಚೆನ್ನಾಗಿ ಓದಿಸ್ಕೊಂಡು ಹೋಗುತ್ತಮ್ಮ. ಆದ್ರೆ ಇದಕ್ಕೆಲ್ಲ ಆಧಾರ ಏನು? ನೀವು ಇಂಗ್ಲೆಂಡ್ ನೋಡಿದೀರಾ? ಆ ರಾಣಿಯರ ವಿಷಯ ನಿಮಗೆ ಹೇಗೆ ಗೊತ್ತು?"

ನನ್ನದೇ ಪ್ರಶ್ನೆ ನನ್ನ ಎದುರಿಗೆ ಬಂದು ಕೂತಿತ್ತು. ಉತ್ತರಿಸಲು ಬಾಯಿ ತೆರೆದೆ. ಜಲಜಕ್ಕ ನನ್ನ ಮೊಣಕೈ ಒತ್ತಿದಳು.

"ಇಂಗ್ಲೆಂಡ್ ನೋಡ್ಲಿಲ್ಲ ಸರ್. ರಾಣಿಯರನ್ನು ನೋಡಿದ್ದೇನೆ. ತಿಂಗಳಿಗೆ ಇಬ್ರಾದ್ರೂ ಬರ್ತಾರೆ ನಮ್ಮಲ್ಲಿಗೆ. ನೀವು ನೋಡುದು ಅವ್ರು ಬಟ್ಟೆ ಹಾಕಿಕೊಂಡ ಮೇಲೆ. ನಾನು ನೋಡುದು ಹಾಕ್ಲಿಕ್ಕೆ ಮೊದ್ಲು. ಆಗ ಅವ್ರು ಮಾತಾಡುವಾಗ ನಾನು ಅಲ್ಲಿದ್ದೇನೆ ಅಂತ ಅವ್ರಿಗೆ ನೆನಪಿರುದಿಲ್ಲ."

ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದವರು, "ಇನ್ನೇನ್ರೀ ಬೇಕು ನಿಮಗೆ ಆಧಾರ?" ಎಂದರು.

ಪುಸ್ತಕ ಬಂತು. ಮುಖಪುಟದ ಮೇಲೆ ಜಲಜಕ್ಕನ ಹೆಸರು, ತಂದೆಯದ್ದೂ ಗಂಡನದ್ದೂ ಜೊತೆಗಿಲ್ಲದೆ, ಒಂಟಿಯಾಗಿ, ದಪ್ಪ ಅಕ್ಷರದಲ್ಲಿ. ಅವಳು ಅದನ್ನು ಓದಲಿಲ್ಲ. ಮೊದಲು ಪುಸ್ತಕದ ಬೆನ್ನು ತಿರುಗಿಸಿ ಹೊಲಿಗೆ ಹೇಗೆ ಹಾಕಿದ್ದಾರೆಂದು ನೋಡಿದಳು, "ಪರವಾಗಿಲ್ಲ" ಎಂದಳು, ಆಮೇಲೆ ಹೆಸರಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಸವರಿದಳು, ಬಟ್ಟೆಯ ನೇಯ್ಗೆ ನೋಡುವವರು ಸವರುವಂತೆ. ನಾನು ಕಿಟಕಿಯಾಚೆ ನೋಡಿದೆ.

ಇದೆಲ್ಲ ಆಗಿ ನಾಲ್ಕು ವರ್ಷ. ಈಗ ನಾನು ಸೀಫ್‌ನ ಒಂದು ಬ್ಯಾಂಕಿನಲ್ಲಿ ಇತರರ ವರದಿಗಳಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದೇನೆ. ಹುಡುಕಿದ ಮೇಲೆ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂರುತ್ತೇನೆ. ಇದು ಕೆಲವರಿಗೆ ಇಷ್ಟ, ಕೆಲವರಿಗೆ ಕಿರಿಕಿರಿ. ಲಿಫ್ಟಿನ ಹೆಂಗಸನ್ನು ಬೀಳ್ಕೊಟ್ಟು ಮೇಜಿಗೆ ಬಂದಾಗ ಫೋನಿನಲ್ಲಿ ಜಲಜಕ್ಕನ ಹೊಸ ನೋಟ್‌ಬುಕ್ಕಿನ ಆರು ಪುಟಗಳ ಚಿತ್ರ ಬಂದಿತ್ತು. ಎರಡನೆಯ ಕಾದಂಬರಿಯ ನಾಲ್ಕನೆಯ ಅಧ್ಯಾಯ. ಆಗ್ನೆಸ್ ಈಗ ಬಟ್ಟೆಕೋಣೆಯ ಒಡತಿ, ಅವಳನ್ನು ಕೆಳಗಿಳಿಸಲು ಅರ್ಧ ಆಸ್ಥಾನವೇ ಕಾಯುತ್ತಿದೆ. ನಾನು ನಿಂತುಕೊಂಡೇ ಓದಿದೆ. ಆರನೆಯ ಪುಟದಲ್ಲಿ ಆಗ್ನೆಸ್ ರಾಜಮುದ್ರೆಯ ಪತ್ರ ಒಡೆಯುತ್ತಾಳೆ, ಮೊದಲ ಸಾಲು ಓದುತ್ತಾಳೆ, ದೀಪವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ಅಷ್ಟಕ್ಕೇ ಪುಟ ಮುಗಿದಿದೆ.

ಎಂದಿನಂತೆ ಬರೆದು ಕಳಿಸಿದೆ: "ಆಕ್ಷೇಪ ಒಂದು. ಅಧ್ಯಾಯವನ್ನು ಇಲ್ಲಿಗೆ ನಿಲ್ಲಿಸಿದ್ದು. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಪತ್ರದಲ್ಲಿ ಏನಿತ್ತು?"

ಎರಡು ನಿಮಿಷಕ್ಕೆ ಧ್ವನಿ ಸಂದೇಶ ಬಂತು. ಹಿಂದೆ ಮೆಷಿನ್ನಿನ ಸದ್ದು, ಮುಂದೆ ಪಿನ್ನು ಕಚ್ಚಿದ ಬಾಯಿಯ ಮಾತು: "ನಿಲ್ಲಿಸ್ಲಿಕ್ಕೆ ನಂಗೆ ಸಾ ಮನಸ್ಸಿರ್ಲಿಲ್ಲ ಮಾರಾಯ್ತಿ, ಕಸ್ಟಮರ್ ಬಂದ್ಲು. ಪತ್ರದಲ್ಲಿ ಎಂತ ಉಂಟು ಅಂತ ನಂಗೂ ಗೊತ್ತಿಲ್ಲ. ಒಂದು ಗಂಟೆಗೆ ಬಾ, ನೋಡುವ."

ಈಗ ಹನ್ನೆರಡೂವರೆ. ನಾನು ಹೊರಟೆ.